ಬೇರೆಯವರು ಬಳಸಿದ್ದು ಅಂತ ಬಿಡಬೇಡಿ

ಪ್ರಿಯ ಓದುಗರೇ,

ಲಂಡನ್ನಿಗೆ ಹೊಸದಾಗಿ ಬಂದು ಮನೆ ಹೂಡುವವರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: "ಸೆಕೆಂಡ್ ಹ್ಯಾಂಡ್ ಬೇಡಪ್ಪ, ಯಾರು ಬಳಸಿದ್ದೋ ಏನೋ." ಹಾಸಿಗೆ, ಒಳಉಡುಪಿನ ವಿಷಯದಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಆದರೆ ಪಾತ್ರೆ, ಮೇಜು, ಪುಸ್ತಕ, ದೀಪ ಎಲ್ಲಕ್ಕೂ ಇದೇ ಮಾತು ಹೇಳಿ ಒಂದೇ ವಾರದಲ್ಲಿ ಮನೆ ತುಂಬ ಹೊಸ ಸಾಮಾನು ತರಿಸಿಬಿಡುತ್ತೇವೆ. ಮುಂದೆ ಮನೆ ಬದಲಾಯಿಸುವಾಗ ಅದರಲ್ಲಿ ಅರ್ಧ ಫುಟ್‌ಪಾತ್ ಸೇರುತ್ತದೆ. ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆಯಾದರೂ ಈ ಊರಿನ ಬೀದಿ ಮಾರುಕಟ್ಟೆಗೆ ಹೋಗಿಬನ್ನಿ ಅಂತ ಕೇಳಿಕೊಳ್ಳುವುದಕ್ಕೇ ಈ ಸಲದ ಸಂಪಾದಕೀಯ.

ಊರಲ್ಲಿ ನಮಗೆ ಈ ಅಳುಕು ಇಷ್ಟು ಇರಲಿಲ್ಲ ಅಲ್ವಾ? ಅವೆನ್ಯೂ ರಸ್ತೆಯ ಹಳೇ ಪುಸ್ತಕ ಓದಿ ಪರೀಕ್ಷೆ ಬರೆದವರು ನಮ್ಮಲ್ಲೇ ಎಷ್ಟೋ ಜನ ಇದ್ದಾರೆ. ಅಜ್ಜಿ ಕಾಲದ ಹಂಡೆ, ಕೊಳಗ, ಒರಳು ಮನೆಯಲ್ಲಿವೆ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಇಲ್ಲಿ ಟೇಬಲ್ ಮೇಲೆ ಹರವಿಟ್ಟಿರುವುದೂ ಯಾರದೋ ಅಜ್ಜಿಯ ಸಾಮಾನೇ.

ಮೊದಲು ಅಡುಗೆಮನೆಗೆ ಬರೋಣ. ವೇಲ್ಸ್ ಕಡೆ ಬೇಕ್‌ಸ್ಟೋನ್ ಅಂತ ಒಂದು ಸಾಮಾನಿದೆ. ಎರಕದ ಕಬ್ಬಿಣದ ದುಂಡನೆಯ ದಪ್ಪ ಹಲಗೆ, ಸಪಾಟು, ಅಂಚೇ ಇಲ್ಲ. ಅವರು ಅದರ ಮೇಲೆ ವೆಲ್ಶ್ ಕೇಕ್ ಬೇಯಿಸುತ್ತಾರೆ. ನಮ್ಮ ಕಣ್ಣಿಗೆ ಅದು ಅಪ್ಪಟ ದೋಸೆ ಕಾವಲಿ! ಕಾರ್ ಬೂಟ್ ಸೇಲ್‌ಗಳಲ್ಲಿ, ಅಂದರೆ ಜನ ಮನೆಯ ಹಳೇ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿ ತಂದು ಮಾರುವ ಸಂತೆಗಳಲ್ಲಿ, ಒಮ್ಮೊಮ್ಮೆ ತುಕ್ಕು ಹಿಡಿದು ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತದೆ. ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ಬೆಳಕಿಗೆ ಹಿಡಿದು ನೋಡಿ, ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಸರಿ. ಮಂಕಾಗಿ ಸದ್ದು ಮಾಡಿದರೆ ಅಲ್ಲೇ ಬಿಡಿ.

ಮನೆಗೆ ತಂದ ಮೇಲೆ ಸ್ಟೀಲ್ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ. ತಕ್ಷಣ ಒಲೆ ಮೇಲಿಟ್ಟು ಪೂರ್ತಿ ಒಣಗಿಸಿ. ತೆಳ್ಳಗೆ ಎಣ್ಣೆ ಸವರಿ ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಿ. ಮೂರ್ನಾಲ್ಕು ಸಲ ಹೀಗೆ ಮಾಡಿ, ಅರ್ಧ ಈರುಳ್ಳಿಯಿಂದ ಉಜ್ಜಿ ದೋಸೆ ಹುಯ್ಯಿರಿ. ಮೊದಲೆರಡು ಕಚ್ಚಿಕೊಂಡರೂ ಬೇಜಾರಾಗಬೇಡಿ, ಕಾವಲಿ ಪಳಗುವುದೇ ಹಾಗೆ. ಇಂಡಕ್ಷನ್ ಒಲೆ ಮೇಲೂ ಇದು ಕಾಯುತ್ತದೆ, ಆದರೆ ಗಾಜಿನ ಮೇಲೆ ಎಳೆಯದೆ ಎತ್ತಿಡಿ. ಅಂಟದ ಲೇಪ ಎದ್ದುಹೋಯಿತು ಅಂತ ಆಗಾಗ ತವಾ ಬಿಸಾಡುವುದು ಇದರಿಂದ ತಪ್ಪುತ್ತದೆ.

ಇನ್ನು ಬೆಳ್ಳಿ. ನಮ್ಮವರಿಗೆ ಬೆಳ್ಳಿ ಅಂದರೆ ಪ್ರೀತಿ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶನಿವಾರದ ಪೋರ್ಟೊಬೆಲ್ಲೊ ರಸ್ತೆಯಲ್ಲಿ, ಶುಕ್ರವಾರ ಬೆಳಗಿನ ಜಾವದ ಬರ್ಮಂಡ್ಸಿ ಚೌಕದಲ್ಲಿ ಚಮಚ, ಬಟ್ಟಲು, ಕುಂಕುಮದ ಭರಣಿಗೆ ಹೇಳಿ ಮಾಡಿಸಿದಂಥ ಪುಟ್ಟ ಡಬ್ಬಿಗಳು ಸಿಗುತ್ತವೆ. ಒಂದು ಚಮಚ ಕೈಗೆತ್ತಿಕೊಂಡು ಹಿಂಬದಿ ನೋಡಿ. ಹೆಜ್ಜೆ ಹಾಕುತ್ತಿರುವ ಸಿಂಹದ ಮುದ್ರೆ ಇದ್ದರೆ ಅದು ಸ್ಟರ್ಲಿಂಗ್, ಅಂದರೆ ನೂರಕ್ಕೆ 92.5 ಭಾಗ ಬೆಳ್ಳಿ. ಪಕ್ಕದ ಮುದ್ರೆ ಬೆಳ್ಳಿ ಪರೀಕ್ಷಿಸಿದ ಊರು ಹೇಳುತ್ತದೆ: ಚಿರತೆಯ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್. ಶೆಫೀಲ್ಡ್‌ಗೆ ಮೊದಲು ಕಿರೀಟವಿತ್ತು, 1975ರಿಂದ ಗುಲಾಬಿ. ಇನ್ನೊಂದು ಅಕ್ಷರ ಮುದ್ರೆ ಬಿದ್ದ ವರ್ಷದ್ದು. ಚಿರತೆಯ ಮುಖ 1300ರ ಕಾನೂನಿನಿಂದ, ಸಿಂಹ 1544ರಿಂದ ಬಂದದ್ದು. ಇದ್ಯಾವುದೂ ಇಲ್ಲದೆ ಇಪಿಎನ್‌ಎಸ್ (EPNS) ಅಂತ ಅಕ್ಷರಗಳಿದ್ದರೆ ಅದು ಬರೀ ಬೆಳ್ಳಿ ಲೇಪ. ಕೆಟ್ಟದ್ದೇನಲ್ಲ, ಆದರೆ ಬೆಳ್ಳಿಯ ಬೆಲೆ ಕೊಡಬೇಡಿ.

ಬರ್ಮಂಡ್ಸಿಯ ಈ ಸಂತೆ ಎರಡನೇ ಮಹಾಯುದ್ಧದ ನಂತರ ಇಸ್ಲಿಂಗ್ಟನ್ ಕಡೆಯಿಂದ ಥೇಮ್ಸ್ ದಾಟಿ ಬಂದದ್ದು. ಅದರ ಜೊತೆ ಒಂದು ವಿಚಿತ್ರ ಕಾನೂನೂ ತಳುಕು ಹಾಕಿಕೊಂಡಿದೆ. ಇಂಗ್ಲೆಂಡಿನ ಕೆಲವು ಹಳೆಯ ಬಯಲು ಮಾರುಕಟ್ಟೆಗಳಲ್ಲಿ ಸೂರ್ಯ ಹುಟ್ಟಿ ಮುಳುಗುವುದರೊಳಗೆ ಒಳ್ಳೆ ಮನಸ್ಸಿನಿಂದ ಕೊಂಡರೆ, ಮಾಲು ಕದ್ದದ್ದೇ ಆಗಿದ್ದರೂ ಅದು ಕೊಂಡವರ ಸೊತ್ತಾಗುತ್ತಿತ್ತು. ಸಂಸತ್ತು 1994ರಲ್ಲಿ ಕಾಯ್ದೆ ಮಾಡಿ ಇದನ್ನು ತೆಗೆದುಹಾಕಿತು. ಹಾಗಾಗಿ ಈಗ ದುಬಾರಿ ವಸ್ತು ಕೊಂಡರೆ ರಸೀದಿ ಕೇಳಿ. ನಾಚಿಕೊಳ್ಳುವಂಥದ್ದೇನೂ ಇಲ್ಲ.

ಇಂಥ ಟೇಬಲ್‌ಗಳ ನಡುವೆ ಒಂದು ವಸ್ತುವಿಗಾಗಿ ಕಣ್ಣು ಸದಾ ತೆರೆದಿರಲಿ: ಬಿದರಿ. 1851ರಲ್ಲಿ ಹೈಡ್ ಪಾರ್ಕಿನ ಮಹಾಪ್ರದರ್ಶನಕ್ಕೆ ಬಿದರಿ ಸಾಮಾನು ಬಂದಿತ್ತು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇವತ್ತಿಗೂ ಬಿದರಿಯ ಒಳ್ಳೆ ಸಂಗ್ರಹವಿದೆ. ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳೂ ಕೊಂಡು ತಂದಿದ್ದವು. ಹಾಗಾಗಿ ಹೂದಾನಿ, ಹುಕ್ಕಾ ಬುಡ, ಪಾನ್‌ದಾನ್ ಅಪರೂಪಕ್ಕೆ ಇಲ್ಲಿಯ ಸಂತೆಗೂ ಬರುತ್ತವೆ. ಗುರುತು ಹಿಡಿಯುವುದು ಹೀಗೆ: ಮೈ ಹೊಳಪಿಲ್ಲದ ಕಪ್ಪು, ಅದರಲ್ಲಿ ಕೂರಿಸಿದ ಬೆಳ್ಳಿ ಫಳಫಳ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು, ಆದ್ದರಿಂದ ಕೈಗೆ ಭಾರ, ಅಯಸ್ಕಾಂತ ಅಂಟುವುದಿಲ್ಲ. ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿ ಬಿಸಿ ಮಾಡಿದಾಗ ಸತುವಿನ ಮೈ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಲಕ್ನೋ, ಪೂರ್ಣಿಯಾ ಕಡೆಯೂ ಈ ಕೆಲಸ ನಡೆದಿದೆ, ಹಾಗಾಗಿ ಕಂಡದ್ದೆಲ್ಲ ಬೀದರಿನದೇ ಆಗಿರಬೇಕಿಲ್ಲ. ಕೊಳ್ಳದಿದ್ದರೂ ಪರವಾಗಿಲ್ಲ. ಮಾರುವವರಿಗೆ ಇದು ಎಲ್ಲಿಯ ಕಲೆ, ಹೇಗೆ ಮಾಡುತ್ತಾರೆ ಅಂತ ಎರಡು ಮಾತು ಹೇಳಿ ಬನ್ನಿ. ಅಷ್ಟು ಹೇಳುವವರು ನಾವಲ್ಲದೆ ಇನ್ಯಾರು?

ಮೈಸೂರಿನ ಬೀಟೆಮರದ ಹಳೆ ಪೆಟ್ಟಿಗೆ ಕಂಡರೆ ಮಾತ್ರ ಎಚ್ಚರ. ಹಿಂದೆ ಅದರ ಕುಸುರಿಗೆ ದಂತ ಬಳಸುತ್ತಿದ್ದರು. ಇಲ್ಲಿ 2022ರ ಜೂನ್‌ನಿಂದ ದಂತದ ವ್ಯಾಪಾರ ಹೆಚ್ಚುಕಡಿಮೆ ಪೂರ್ತಿ ನಿಷೇಧ. 1947ಕ್ಕೂ ಹಿಂದಿನದಾಗಿದ್ದು ಶೇಕಡಾ 10ಕ್ಕಿಂತ ಕಡಿಮೆ ದಂತವಿದ್ದರೆ ವಿನಾಯಿತಿ ಸಿಗಬಹುದು, ಅದಕ್ಕೂ ನೋಂದಣಿ ಆಗಿರಬೇಕು. ಕಾಗದ ತೋರಿಸದಿದ್ದರೆ ಬೇಡವೇ ಬೇಡ. ಮಕ್ಕಳ ಕಾರ್ ಸೀಟು, ಹೆಲ್ಮೆಟ್ ಕೂಡ ಹಳೆಯದು ಬೇಡ. ಒಮ್ಮೆ ಅಪಘಾತದಲ್ಲಿ ಪೆಟ್ಟು ತಿಂದಿದ್ದರೆ ಹೊರಗೆ ಗೊತ್ತಾಗುವುದಿಲ್ಲ. ಸೋಫಾ ಆದರೆ ಬೆಂಕಿ ಸುರಕ್ಷತೆಯ ಲೇಬಲ್ ಇದೆಯಾ ನೋಡಿ.

ಚೌಕಾಸಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಳೆ ಸಾಮಾನಿಗೆ ಮಾಡಬಹುದು. ಊರಿನ ಹಾಗೆ ಅರ್ಧಕ್ಕೆ ಕೇಳಿ ಹೊರಟು ನಿಲ್ಲುವುದು ಇಲ್ಲಿ ನಡೆಯದು. "ಇದೇ ನಿಮ್ಮ ಬೆಸ್ಟ್ ಪ್ರೈಸಾ?" ಅಂತ ನಗುತ್ತ ಕೇಳಿದರೆ ಎಷ್ಟೋ ಜನ ಒಂದೆರಡು ಪೌಂಡ್ ಬಿಡುತ್ತಾರೆ. ಆದರೆ ಗ್ರಿನಿಚ್, ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ತಮ್ಮ ಕೈಯಾರೆ ಮಾಡಿ ಮಾರುವವರ ಹತ್ತಿರ ದಯವಿಟ್ಟು ಬೇಡ. "ಇದು ಇಂಡಿಯಾದಲ್ಲಿ ಇನ್ನೂರು ರೂಪಾಯಿ" ಅನ್ನುವ ಮಾತು ಅವರ ಮುಂದೆ ಬಾಯಿಂದ ಬರಬಾರದು. ನಮ್ಮ ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಹಾಗಂದರೆ ಹೇಗಿರುತ್ತದೆ, ಯೋಚಿಸಿ.

ತಿನ್ನುವ ಸಾಮಾನಿಗಾದರೆ ‘ಬರೋ’ (Borough) ಮಾರ್ಕೆಟ್ ಪ್ರಸಿದ್ಧ, ಚೆಂದ, ಆದರೆ ಜೇಬಿಗೆ ಜಾಸ್ತಿಯೇ. ನನ್ನ ಮನಸ್ಸು ಇರುವುದು ಅಪ್ಟನ್ ಪಾರ್ಕ್ ಸ್ಟೇಷನ್ ಪಕ್ಕದ ಕ್ವೀನ್ಸ್ ಮಾರ್ಕೆಟ್‌ನಲ್ಲಿ. ಬೆಂಡೆ, ಹಾಗಲ, ಹಸಿಮೆಣಸು ಬಟ್ಟಲಲ್ಲಿ ತುಂಬಿಟ್ಟು ಬಟ್ಟಲ ಲೆಕ್ಕದಲ್ಲಿ ಮಾರುತ್ತಾರೆ. ಬಟ್ಟಲೊಳಗೆ ಕೈ ಆಡಿಸಿ ಕೆಳಗಿನದೂ ಎಳೆಯದಾ ಅಂತ ನೋಡಲು ಕೇಳಿ, ಬೇಡ ಅನ್ನುವವರು ಕಡಿಮೆ. ಈ ಮಾರ್ಕೆಟ್ಟನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವ ಯೋಜನೆ ಬಂದಾಗ ವ್ಯಾಪಾರಿಗಳೂ ಗಿರಾಕಿಗಳೂ ಸೇರಿ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2009ರಲ್ಲಿ ಆಗಿನ ಮೇಯರ್ ಬೋರಿಸ್ ಜಾನ್ಸನ್ ಆ ಯೋಜನೆಯನ್ನು ತಿರಸ್ಕರಿಸಿದರು. ಗಿರಾಕಿಗಳು ನಿಂತಿದ್ದರಿಂದಲೇ ನಮಗೆ ಇವತ್ತು ಅಲ್ಲಿ ಹಾಗಲಕಾಯಿ ಸಿಗುತ್ತಿದೆ.

ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇದಕ್ಕೇ ಮೀಸಲಿಟ್ಟಿದ್ದೇನೆ. ನಿಮ್ಮ ಬಡಾವಣೆಯ ಮಾರುಕಟ್ಟೆ ಯಾವ ದಿನ, ಎಷ್ಟು ಹೊತ್ತಿಗೆ, ಅಲ್ಲಿ ಏನು ಚೆನ್ನಾಗಿ ಸಿಗುತ್ತದೆ ಅಂತ ನಾಲ್ಕು ಸಾಲು ಬರೆದು ಕಳಿಸಿ. ಲೆಸ್ಟರ್, ರೆಡಿಂಗ್, ಕಾರ್ಡಿಫ್ ಕಡೆಯವರೂ ಬರೆಯಿರಿ. ಕಾರ್ಡಿಫ್‌ನವರು ಒಳ್ಳೆ ಬೇಕ್‌ಸ್ಟೋನ್ ಎಲ್ಲಿ ಸಿಗುತ್ತದೆ ಅನ್ನುವುದನ್ನು ಮರೆಯದೆ ತಿಳಿಸಿ, ಕೇಳುವವರು ತುಂಬ ಜನ ಇದ್ದಾರೆ.

— ಸಂಪಾದಕಿ