ತೊಳೆಯಬಹುದು ಎಂದು ಮಾರಿದ ಕಾರ್ಪೆಟ್ ಬಗ್ಗೆ ದೂರು

ಇವರಿಗೆ,
ಗ್ರಾಹಕ ದೂರು ವಿಭಾಗ

ವಿಷಯ: ಕಾರ್ಪೆಟ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡುವ ಬಗ್ಗೆ

ನಮಸ್ಕಾರ. ನಾವು ತುಮಕೂರಿನ ಎಸ್.ಎಸ್. ಪುರಂನವರು. ಮನೆಯಲ್ಲಿ ವಯಸ್ಸಾದ ನಾಯಿ ಇದೆ, ಒಂದು ಬೆಕ್ಕೂ ಇದೆ. ನಾಯಿಗೆ ಈಗ ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಏಳಲು ಒದ್ದಾಡುತ್ತಾನೆ, ಅದಕ್ಕೇ ಹಾಲ್‌ಗೆ ಕಾರ್ಪೆಟ್ ತರಿಸಿದ್ದು, ಚೆಂದಕ್ಕಲ್ಲ. 'ಸಾಕುಪ್ರಾಣಿ ಇರುವ ಮನೆಗೆ ಸೂಕ್ತ, ನೀರಲ್ಲಿ ತೊಳೆಯಬಹುದು' ಎಂದು ನಿಮ್ಮ ಆ್ಯಪ್‌ನಲ್ಲಿ ದೊಡ್ಡದಾಗಿ ಹಾಕಿದ್ದೀರಿ.

ಬಂದ ವಾರವೇ ನಾಯಿ ಅದರ ಮೇಲೆ ಉಚ್ಚೆ ಮಾಡಿದ. ವಯಸ್ಸಾಗಿದೆ, ತಡೆಯಲು ಆಗುವುದಿಲ್ಲ ಪಾಪ. ನೀವು ಬರೆದಂತೆಯೇ ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆವು. ನೋಡಿದರೆ ಹಿಂಬದಿಯ ಬಟ್ಟೆ ಅಂಟು ಬಿಟ್ಟು ಉಬ್ಬಿದೆ, ಅಂಟು ಪುಡಿಯಾಗಿ ಉದುರುತ್ತಿದೆ, ಮೇಲಿನ ನೂಲು ಒರಟಾಗಿ ಹಳದಿಗೆ ತಿರುಗಿದೆ. ಕಿತ್ತುಬಂದ ಬಟ್ಟೆಯ ಒಳಗೆ ಒಂದು ಚೀಟಿ ಸಿಕ್ಕಿತು. ಅದರಲ್ಲಿ 'ವಿಸ್ಕೋಸ್, ಡ್ರೈಕ್ಲೀನ್ ಮಾತ್ರ' ಎಂದಿದೆ! ಗಿರಾಕಿಗೆ ಕಾಣದ ಜಾಗದಲ್ಲಿ ನಿಜ ಬರೆದು, ಕಾಣುವ ಜಾಗದಲ್ಲಿ ಬೇರೆ ಬರೆದಿದ್ದೀರಿ.

ವಿಸ್ಕೋಸ್ ಅಂದರೆ ಮರದ ತಿರುಳಿನಿಂದ ಮಾಡುವ ನೂಲು, ಅದು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಕಾರ್ಪೆಟ್ ಮಾರುವವರಿಗೆ ಇದು ಗೊತ್ತಿರಲೇಬೇಕು. ಉಚ್ಚೆ ಬರೀ ಮೇಲೆ ನಿಲ್ಲುವುದಿಲ್ಲ, ಕೆಳಗಿನ ಅಂಟಿನವರೆಗೂ ಇಳಿಯುತ್ತದೆ. ಅಲ್ಲಿ ಇಳಿದದ್ದು ತೊಳೆದರೂ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಮಳೆಗಾಲದ ತೇವ ತಗುಲಿದರೆ ಸಾಕು, ವಾಸನೆ ಮತ್ತೆ ಏಳುತ್ತದೆ, ಆ ವಾಸನೆ ಹಿಡಿದು ನಾಯಿ ಅಲ್ಲೇ ಮತ್ತೆ ಮಾಡುತ್ತದೆ. ಇಂಥ ಮನೆಗೆ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಥರ ನೀರು ಹೀರದ ನೂಲು ಬೇಕು, ಎಳೆ ಗಿಡ್ಡ ಇರಬೇಕು, ಕುಣಿಕೆ ಕುಣಿಕೆ ಇರಬಾರದು, ಬೆಕ್ಕಿನ ಉಗುರು ಸಿಕ್ಕಿಕೊಳ್ಳುತ್ತದೆ. ನಮ್ಮಮ್ಮನ ಕಾಲದ ಹತ್ತಿ ಜಮಖಾನ ಇವತ್ತಿಗೂ ಬಕೆಟ್‌ನಲ್ಲಿ ನೆನೆಸಿ ಒಗೆಯುತ್ತೇವೆ, ಏನೂ ಆಗಿಲ್ಲ, ಏಕೆಂದರೆ ಅದು ಪೂರ್ತಿ ನೇಯ್ದದ್ದು, ಅಂಟಿಸಿದ್ದಲ್ಲ.

ಫೋನ್ ಮಾಡಿದರೆ ನಿಮ್ಮವರು 'ಬಳಸಿದ ಮಾಲು ವಾಪಸ್ ಇಲ್ಲ ಮೇಡಂ' ಎಂದರು. ಬಳಸದೆ, ತೊಳೆಯದೆ, ತೊಳೆಯಬಹುದೋ ಇಲ್ಲವೋ ಗೊತ್ತಾಗುವುದು ಹೇಗೆ? 'ನಾಯಿ ಇದ್ದರೆ ಹಾಗೇ' ಅಂತ ಬೇರೆ ಹೇಳಿದರು. ನಾಯಿ ಇರುವ ಮನೆಗೆ ಅಂತಲೇ ಮಾರಿದ್ದು ನೀವು ಅಲ್ವಾ?

ಪೂರ್ತಿ ಹಣ ವಾಪಸ್ ಕೊಡಿ, ನಿಮ್ಮ ಖರ್ಚಿನಲ್ಲೇ ಮಾಲು ಒಯ್ಯಿರಿ. ಕೂಪನ್ ಬೇಡ. ಆ್ಯಪ್‌ನಲ್ಲಿ ನೂಲು ಯಾವುದು, ಹಿಂಬದಿ ಅಂಟಿಸಿದ್ದೋ ನೇಯ್ದದ್ದೋ ಎಂದು ಸ್ಪಷ್ಟವಾಗಿ ಹಾಕಿ, ಇನ್ನೊಬ್ಬರು ಹೀಗೆ ಮೋಸ ಹೋಗಬಾರದು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಇಲ್ಲೇ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಬಿಲ್, ಚೀಟಿಯ ಫೋಟೊ, ನಿಮ್ಮ ಜಾಹೀರಾತಿನ ಸ್ಕ್ರೀನ್‌ಶಾಟ್ ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ, ತುಮಕೂರು