ಆ ಮಾತುಗಳು ಕನ್ನಡದಲ್ಲೂ ಸಿಗಲಿ

ಮಲಾವಿ ದೇಶದ ವಿಲಿಯಂ ಕಾಮ್‌ಕ್ವಾಂಬಾ 2007ರಲ್ಲಿ ಟಾಂಜಾನಿಯಾದ ಅರುಶಾದಲ್ಲಿ ಟೆಡ್ (ಹೊಸ ವಿಚಾರಗಳ ಕಿರುಭಾಷಣ ಏರ್ಪಡಿಸಿ, ಅವುಗಳ ವಿಡಿಯೊ ಅಂತರ್ಜಾಲದಲ್ಲಿ ಹಾಕುವ ಸಂಸ್ಥೆ) ವೇದಿಕೆ ಹತ್ತಿದಾಗ ಅವರಿಗೆ 19 ವರ್ಷ. ಬರಗಾಲದಲ್ಲಿ ಫೀಸು ಕಟ್ಟಲಾಗದೆ ಶಾಲೆ ಬಿಟ್ಟವರು. ಲೈಬ್ರರಿ ಪುಸ್ತಕದ ಚಿತ್ರ ನೋಡಿ, ಹಳೇ ಸೈಕಲ್ ಫ್ರೇಮು, ಟ್ರ್ಯಾಕ್ಟರ್ ಫ್ಯಾನು ಜೋಡಿಸಿ, ಮನೆಗೆ ಕರೆಂಟು ಕೊಡುವ ಗಾಳಿಯಂತ್ರ ಮಾಡಿದ್ದರು. ತಡವರಿಸುವ ಇಂಗ್ಲಿಷಿನಲ್ಲೇ ಅದನ್ನು ಹೇಳಿದರು. ಎಂಥ ಧೈರ್ಯ!

ಈ ಭಾಷಣವನ್ನು ನನ್ನ ಎಂಟನೇ ತರಗತಿ ಮಕ್ಕಳಿಗೆ ತೋರಿಸಿದೆ. ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ವಿವರಿಸಿದೆ. ಮುಗಿದ ಮೇಲೆ ಒಬ್ಬಳು, ‘ನಮ್ಮನೇಲೂ ಹಳೇ ಸೈಕಲ್ ಇದೆ ಮಿಸ್’ ಅಂದಳು.

ಟೆಡ್ ಭಾಷಣಗಳಿಗೆ ಬೇರೆ ಬೇರೆ ಭಾಷೆಗಳಲ್ಲಿ ಅಡಿಬರಹ (ಸಬ್‌ಟೈಟಲ್) ಬರೆಯುವವರು ಸ್ವಯಂಸೇವಕರು. ನಮ್ಮ ಕಾಲೇಜು ವಿದ್ಯಾರ್ಥಿಗಳು ತಿಂಗಳಿಗೆ ಒಂದನ್ನಾದರೂ ಕನ್ನಡಕ್ಕೆ ತರಬಹುದು, ಅಲ್ವಾ?

– ಒಬ್ಬ ಶಿಕ್ಷಕಿ, ತುಮಕೂರು