ಚೆಸ್ಟರ್‌ಫೀಲ್ಡಿನ ತಿರುಚಿದ ಶಿಖರ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಶೆಫೀಲ್ಡಿಗೆ ರೈಲಿನಲ್ಲಿ ಹೊರಟಿದ್ದೀಯಲ್ಲ, ಎಡಗಡೆಯ ಕಿಟಕಿ ಪಕ್ಕ ಕೂತುಕೋ. ಚೆಸ್ಟರ್‌ಫೀಲ್ಡ್ ಬಂದಾಗ ಊರಿನ ಮೇಲೆ ತಿರುಚಿಕೊಂಡು ನಿಂತ ಚೂಪು ಶಿಖರವೊಂದು ಕಾಣುತ್ತದೆ. ಬಿಡುವಿದ್ದರೆ ಅಲ್ಲೇ ಇಳಿ. ನಿಲ್ದಾಣದಿಂದ ನಡೆದೇ ಹೋಗಬಹುದು.

ಅದು ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್, ಡರ್ಬಿಶೈರ್ ಜಿಲ್ಲೆಯ ಅತಿ ದೊಡ್ಡ ಚರ್ಚು. ಕಟ್ಟಡದ ಬಹುಪಾಲು 14ನೇ ಶತಮಾನದ್ದು, ಶಿಖರ 1362ರ ಆಸುಪಾಸಿನದು. ನೆಲದಿಂದ ತುದಿಗೆ 228 ಅಡಿ. ತುದಿ ಇರಬೇಕಾದ ಜಾಗದಿಂದ 9 ಅಡಿ 6 ಅಂಗುಲ ನೈಋತ್ಯಕ್ಕೆ ಸರಿದಿದೆ. ಸಾಲದ್ದಕ್ಕೆ ಇಡೀ ಶಿಖರ 45 ಡಿಗ್ರಿ ತಿರುಗಿದೆ. ಎಂಟು ಮೂಲೆಯ ಶಿಖರಕ್ಕೆ 45 ಡಿಗ್ರಿ ಎಂದರೆ ಸರಿಯಾಗಿ ಒಂದು ಮುಖದಷ್ಟು ದೂರ. ಬುಡದ ಒಂದು ಮೂಲೆಯಿಂದ ಏಣನ್ನು ಕಣ್ಣಲ್ಲೇ ಹಿಂಬಾಲಿಸಿ ಹತ್ತು: ತುದಿ ಮುಟ್ಟುವ ಹೊತ್ತಿಗೆ ಅದು ಪಕ್ಕದ ಮೂಲೆಯ ನೇರಕ್ಕೆ ಬಂದಿರುತ್ತದೆ.

ಸೈತಾನ ಬಾಲ ಸುತ್ತಿ ತಿರುಚಿದ ಎಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಅದನ್ನು ಬಿಟ್ಟರೆ ಹೆಚ್ಚಾಗಿ ಕೇಳಿಬರುವ ಕಾರಣ ಹಸಿ ಓಕ್ ಮರ. ಇದು ಅರ್ಧ ಸತ್ಯ ಎಂದೇ ನನ್ನ ಅಭಿಪ್ರಾಯ. ಒಣಗಿದ ಓಕ್ ಉಳಿಗೆ ಬಗ್ಗದಷ್ಟು ಗಟ್ಟಿ, ಹಾಗಾಗಿ ಆ ಕಾಲದ ಬಡಗಿಗಳು ಎಲ್ಲೆಡೆ ಹಸಿ ಮರವನ್ನೇ ಕೆತ್ತುತ್ತಿದ್ದರು. ಒಣಗುವಾಗ ಓಕ್ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ವಾರ್ಷಿಕ ಉಂಗುರಗಳ ಗುಂಟ ಕುಗ್ಗುವುದು ತಿರುಳಿನತ್ತ ಕುಗ್ಗುವುದರ ಸುಮಾರು ಎರಡರಷ್ಟು. ಇದರಿಂದ ತೊಲೆ ಸೊಟ್ಟಗಾಗುತ್ತದೆ, ಜೋಡಣೆಗಳು ಸಡಿಲವಾಗುತ್ತವೆ. ಇಷ್ಟೆಲ್ಲ ಆದರೂ ಓರೆ ತೊಲೆಗಳು ಸಾಕಷ್ಟಿದ್ದರೆ ಚೌಕಟ್ಟು ನಿಲ್ಲುತ್ತದೆ. ಇಲ್ಲಿ ಕೊರತೆಯಾದದ್ದು ಅದೇ. ಓರೆಪಟ್ಟಿ ಇಲ್ಲದ ಮೇಜನ್ನು ತಳ್ಳಿದರೆ ಕಾಲುಗಳು ಒಂದೇ ಕಡೆಗೆ ವಾಲುವ ಹಾಗೆ, ಶಿಖರದ ಒಂದೊಂದು ಅಂತಸ್ತೂ ಕೆಳಗಿನದರ ಮೇಲೆ ಚೂರುಚೂರೇ ತಿರುಗಿದೆ. 1348ರಲ್ಲಿ ಇಂಗ್ಲೆಂಡಿಗೆ ಬಂದ ಪ್ಲೇಗಿಗೆ ನುರಿತ ಬಡಗಿಗಳು ಬಲಿಯಾಗಿದ್ದರಿಂದ ಈ ಲೋಪವಾಯಿತು ಎನ್ನುವವರಿದ್ದಾರೆ. ಕಾಲವೇನೋ ಹೊಂದುತ್ತದೆ, ಆದರೂ ಅದು ಊಹೆಯೇ.

ಈ ಚೌಕಟ್ಟಿನ ಮೇಲೆ 33 ಟನ್ ಸೀಸದ ಹೊದಿಕೆ ಕೂತಿದೆ. ಸೀಸ ಬಿಸಿಲಿಗೆ ಬಹಳ ಹಿಗ್ಗುವ ಲೋಹ: 2 ಮೀಟರ್ ಉದ್ದದ ತಗಡು 40 ಡಿಗ್ರಿ ಬಿಸಿಯೇರಿದರೆ 2 ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ತಣಿದಾಗ ಪೂರ್ತಿ ಮೊದಲಿನ ಸ್ಥಿತಿಗೆ ಬರುವುದಿಲ್ಲ, ತನ್ನದೇ ಭಾರಕ್ಕೆ ನಿಧಾನವಾಗಿ ಕೆಳಗೆ ಜಗ್ಗುತ್ತದೆ. ಬಿಸಿಲು ಬೀಳುವುದು ದಕ್ಷಿಣಕ್ಕೆ, ಉತ್ತರದ ಮುಖ ತಂಪಾಗಿಯೇ ಇರುತ್ತದೆ. ಶಿಖರ ನೈಋತ್ಯಕ್ಕೇ ವಾಲಿರುವುದನ್ನು ಇದರ ಜತೆಗಿಟ್ಟು ನೋಡು. ಸೀಸದ ತಗಡನ್ನು ನಾಲ್ಕೂ ಅಂಚಿಗೆ ಮೊಳೆ ಹೊಡೆದು ಬಿಗಿಯುವಂತಿಲ್ಲ. ಹಿಗ್ಗಲು ಜಾಗವಿಲ್ಲದೆ ಉಬ್ಬಿ, ಕೊನೆಗೆ ಸೀಳುತ್ತದೆ. ಸೀಳಿನಿಂದ ನೀರಿಳಿದರೆ ಒಳಗಿನ ಮರ ಕೊಳೆಯುತ್ತದೆ. ಆದ್ದರಿಂದಲೇ ತಗಡುಗಳನ್ನು ಚಿಕ್ಕದಾಗಿ ಕತ್ತರಿಸಿ, ಅಂಚು ಮಡಚಿ ಸೇರಿಸುತ್ತಾರೆ. ಇಲ್ಲಿ ಅವನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿದ್ದಾರೆ. ಪ್ರತಿ ಮುಖವೂ ನಡುವೆ ಮಡಚಿದಂತೆ ಕಂಡು, ಇರುವ ತಿರುಚು ಇನ್ನಷ್ಟು ಜಾಸ್ತಿ ಎನಿಸುತ್ತದೆ.

ಸುತ್ತ ಒಂದು ಪ್ರದಕ್ಷಿಣೆ ಹಾಕು. ನೈಋತ್ಯದಲ್ಲಿ ನಿಂತರೆ ಶಿಖರ ನಿನ್ನತ್ತಲೇ ಬಾಗಿರುವುದರಿಂದ ವಾಲು ಅಷ್ಟಾಗಿ ತಿಳಿಯದು. ಆಗ್ನೇಯಕ್ಕೋ ವಾಯವ್ಯಕ್ಕೋ ಬಂದರೆ ಪೂರ್ತಿ ತೆರೆದುಕೊಳ್ಳುತ್ತದೆ.

ಒಳಗೆ ಲೇಡಿ ಚಾಪೆಲ್‌ನಲ್ಲಿರುವ (ಮೇರಿ ಮಾತೆಗೆ ಮೀಸಲಾದ ಪ್ರಾರ್ಥನಾ ಭಾಗ) ಫೋಲ್ಜಾಂಬ್ ಮನೆತನದ ಸಮಾಧಿಗಳನ್ನು ನೋಡದೆ ಬರಬೇಡ. ಉತ್ತರದ ಟ್ರಾನ್ಸೆಪ್ಟ್, ಅಂದರೆ ಚರ್ಚಿನ ಅಡ್ಡ ತೋಳು, 1961ರ ಡಿಸೆಂಬರಿನ ಬೆಂಕಿಗೆ ತುತ್ತಾಗಿತ್ತು. ಸ್ನೆಟ್ಜ್ಲರ್ ಎಂಬ ಕುಶಲಕರ್ಮಿ 18ನೇ ಶತಮಾನದಲ್ಲಿ ಮಾಡಿದ ಆರ್ಗನ್ ವಾದ್ಯ ಅಲ್ಲೇ ಸುಟ್ಟುಹೋಯಿತು. ಸೀಸ ಕರಗುವುದು 327 ಡಿಗ್ರಿಗೆ, ಮರ ಹೊತ್ತಿಕೊಂಡ ಬೆಂಕಿಗೆ ಅದು ಏನೇನೂ ಅಲ್ಲ. ಜ್ವಾಲೆ ಶಿಖರಕ್ಕೆ ದಾಟಿದ್ದರೆ ಇವತ್ತು ನೋಡಲು ಏನೂ ಉಳಿಯುತ್ತಿರಲಿಲ್ಲ.

ಗೋಪುರ ಹತ್ತಲು ಜನರನ್ನು ಬಿಡುತ್ತಾರೆ, ಆದರೆ ದಿನ, ಹೊತ್ತು ಮೊದಲೇ ವಿಚಾರಿಸಿಕೊಂಡು ಹೋಗು. ಫೋಟೊ ತೆಗೆದರೆ ಶಿಖರದ ಬುಡದ ಮೂಲೆ, ತುದಿ ಎರಡೂ ಒಂದೇ ಚಿತ್ರದಲ್ಲಿರಲಿ. ನನಗೂ ಕಳಿಸು.

ನಿನ್ನ ಗೆಳೆಯ